ದೇವರ ಹೊಲದಲ್ಲಿ ನಾಲ್ಕು ದಿನ

ಮೊದಲ ದಿನ: ಕ್ಲೆಮ್ಜಿಗ್

ಅಡಿಲೇಡಿನ ಓ-ಬಾನ್ ಬಸ್ಸು ತನಗೆಂದೇ ಹಾಸಿದ ಕಾಂಕ್ರೀಟಿನ ಹಳಿಯೊಳಗೆ ಓಡುತ್ತದೆ. ನಗರದ ನಡುವಿನಿಂದ ಹೊರಟು, ಟಾರೆನ್ಸ್ ನದಿಯ ಮಗ್ಗುಲಲ್ಲೇ ಸಾಗಿ, ಮೊದಲು ನಿಲ್ಲುವುದು ಕ್ಲೆಮ್ಜಿಗ್‌ನಲ್ಲಿ. ಆರು ವರ್ಷ ಆ ದಾರಿಯಲ್ಲಿ ಕೆಲಸಕ್ಕೆ ಹೋಗಿ ಬಂದಿದ್ದೇನೆ. ಆ ಹೆಸರು ಇಂಗ್ಲಿಷಿನದಲ್ಲ ಎಂದು ಗೊತ್ತಿತ್ತು, ಅಷ್ಟೇ. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಅವ್ವ ಮೂರು ತಿಂಗಳಿಗೆಂದು ಬಂದ ಮೇಲೆ, ಒಂದು ದಿನ ಬಸ್ಸಿನಲ್ಲಿ ಕೇಳಿದಳು: "ಈ ಊರಿನವರು ಸತ್ತವರನ್ನು ಎಲ್ಲಿ ಹೂಳುತ್ತಾರೆ?"

ಅವ್ವನಿಗೆ ಇದು ಅಶುಭದ ಪ್ರಶ್ನೆಯಲ್ಲ. ಯಾವ ಊರಿಗೆ ಹೋದರೂ ಕುಡಿಯುವ ನೀರು ಎಲ್ಲಿಯದು, ಹೂಳುವ ಜಾಗ ಎಲ್ಲಿದೆ ಎಂಬ ಎರಡನ್ನು ಕೇಳಿಯೇ ಅವಳು ಆ ಊರನ್ನು ಅಳೆಯುತ್ತಾಳೆ. ಉತ್ತರ ಹುಡುಕುತ್ತ ಹೋದ ನಾನು ಏಪ್ರಿಲ್ ಕೊನೆಯ ವಾರದಲ್ಲಿ ನಾಲ್ಕು ದಿನ ರಜೆ ಹಾಕಿದೆ.

ಕ್ಲೆಮ್ಜಿಗ್‌ನ ಹಳೆಯ ಸ್ಮಶಾನ ಮನೆಗಳ ನಡುವೆ ಉಳಿದಿರುವ ಒಂದು ಸಣ್ಣ ಜಾಗ. ಪಕ್ಕದಲ್ಲೇ ಕಾರುಗಳು ಎಡೆಬಿಡದೆ ಓಡುತ್ತವೆ. ಹುಲ್ಲು, ಮರ, ಬೆರಳೆಣಿಕೆಯಷ್ಟು ಕಲ್ಲು. ಆಸ್ಟ್ರೇಲಿಯಾದ ನೆಲದಲ್ಲಿ ಜರ್ಮನ್ ಒಕ್ಕಲುಗಳು ಕಟ್ಟಿದ ಮೊದಲ ಊರು ಇದೇ. ಬಂದವರು 1838ರ ನವೆಂಬರಿನಲ್ಲಿ, ಪಾದ್ರಿ ಆಗಸ್ಟ್ ಕಾವೆಲ್ ಅವರ ಜೊತೆಗೆ, ಪ್ರಿನ್ಸ್ ಜಾರ್ಜ್ ಎಂಬ ಹಡಗಿನಲ್ಲಿ. ದಕ್ಷಿಣ ಆಸ್ಟ್ರೇಲಿಯಾ ಎಂಬ ವಸಾಹತಿಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಅವರು ಊರು ಬಿಟ್ಟದ್ದು ಬರಗಾಲಕ್ಕಾಗಿ ಅಲ್ಲ, ಪ್ರಾರ್ಥನೆಯ ಮಾತಿಗಾಗಿ. ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ 1817ರಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡು ಪ್ರೊಟೆಸ್ಟಂಟ್ ಕ್ರೈಸ್ತ ಸಭೆಗಳನ್ನು ಒಂದು ಮಾಡಲು ಹೊರಟ. ಆಮೇಲೆ ಎಲ್ಲರಿಗೂ ಒಂದೇ ಪೂಜಾವಿಧಿಯ ಪುಸ್ತಕ ಬಂತು. ಅದನ್ನು ಒಪ್ಪದ ಲೂಥರನ್ ಪಾದ್ರಿಗಳು ಹುದ್ದೆ ಕಳೆದುಕೊಂಡರು, ಕೆಲವರು ಸೆರೆಮನೆ ಸೇರಿದರು. ಕ್ಲೆಮ್ಜಿಗ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ಕಾವೆಲ್ 1836ರಲ್ಲಿ ಲಂಡನ್ನಿಗೆ ಹೋಗಿ ಜಾರ್ಜ್ ಫೈಫ್ ಆಂಗಸ್ ಎಂಬ ವ್ಯಾಪಾರಿಯನ್ನು ಕಂಡರು. ಅವನೂ ತನ್ನ ದೇಶದ ಅಧಿಕೃತ ಸಭೆಗೆ ಸೇರದ ಪಂಥದ ಕ್ರೈಸ್ತ. ಇವರ ಸಂಕಟ ಅವನಿಗೆ ಅರ್ಥವಾಯಿತು. ಹಡಗಿಗೆ ಸಾಲ ಕೊಟ್ಟ, ಬಡ್ಡಿಯ ಮೇಲೆ. ಊರು ಬಿಡಲು ಪ್ರಷ್ಯದ ಸರ್ಕಾರದ ಅಪ್ಪಣೆ ಸಿಗುವವರೆಗೆ ಇನ್ನೂ ಎರಡು ವರ್ಷ ಕಾದರು.

ಬಂದವರು ನದಿಯ ದಂಡೆಯ ಮೇಲೆ ಆಂಗಸ್‌ನ ಭೂಮಿಯನ್ನೇ ಗುತ್ತಿಗೆಗೆ ಹಿಡಿದು, ಬಿಟ್ಟು ಬಂದ ಊರಿನ ಹೆಸರನ್ನೇ ಇಟ್ಟುಕೊಂಡರು. ಆದರೆ ಗುತ್ತಿಗೆಯ ಹೊಲದಲ್ಲಿ ಒಕ್ಕಲಿಗನ ಮನಸ್ಸು ಎಷ್ಟು ದಿನ ನಿಲ್ಲುತ್ತದೆ? ಸ್ವಂತ ಭೂಮಿ ಸಿಕ್ಕ ಕಡೆಗೆ ಒಂದೊಂದೇ ಮನೆ ಎದ್ದು ಹೋಯಿತು. ಹೋಗುವಾಗ ಬಂಡಿಗೆ ಏರಿಸಲಾಗದೆ ಬಿಟ್ಟು ಹೋದದ್ದು ಈ ಗೋರಿಗಳನ್ನು.

ಮೊದಲನೆಯ ಮಹಾಯುದ್ಧದ ನಡುವೆ, 1917ರ ಕಾಯ್ದೆಯೊಂದು ಈ ರಾಜ್ಯದ 69 ಜರ್ಮನ್ ಸ್ಥಳನಾಮಗಳನ್ನು ನಕ್ಷೆಯಿಂದ ತೆಗೆಸಿತು. ಕ್ಲೆಮ್ಜಿಗ್ ಗಾಜಾ ಆಯಿತು, ಪ್ಯಾಲೆಸ್ಟೈನಿನ ಯುದ್ಧರಂಗದ ನೆನಪಿಗೆ. ಹಳೆಯ ಹೆಸರು ಮರಳಿದ್ದು 1935ರಲ್ಲಿ. ಅತ್ತ ಯೂರೋಪಿನ ಮೂಲ ಕ್ಲೆಮ್ಜಿಗ್ ಎರಡನೆಯ ಮಹಾಯುದ್ಧದ ಬಳಿಕ ಪೋಲೆಂಡಿಗೆ ಸೇರಿತು, ಅದರ ಹೆಸರು ಈಗ ಕ್ಲೆಂಪ್ಸ್ಕ್. ಹಾಗಾಗಿ ಆ ಹಳ್ಳಿಯ ಹಳೆಯ ಹೆಸರು ಇಂದು ಊರ ಹೆಸರಾಗಿ ಉಳಿದಿರುವುದು ಅಡಿಲೇಡಿನಲ್ಲಿ, ನನ್ನ ಬಸ್ ನಿಲ್ದಾಣದ ಫಲಕದ ಮೇಲೆ.

ಸಂಜೆ ನದಿಯ ದಂಡೆಯಲ್ಲಿ ಕುಳಿತೆವು. ಅಲ್ಲಿ ನದಿಗೆ ಎರಡು ಹೆಸರು: ಟಾರೆನ್ಸ್, ಮತ್ತು ಈ ನೆಲದ ಮೂಲ ನಿವಾಸಿಗಳಾದ ಗೌರ್ನಾ ಜನರ ಮಾತಿನಲ್ಲಿ ಕರವಿರ್ರ ಪರಿ. ಕಾವೆಲ್‌ಗಿಂತ ಒಂದು ತಿಂಗಳು ಮೊದಲೇ ಡ್ರೆಸ್ಡನ್ನಿನ ಮಿಷನ್ ಕಳುಹಿಸಿದ ಟೈಶೆಲ್‌ಮಾನ್ ಮತ್ತು ಶೂರ್ಮಾನ್ ಎಂಬ ಇಬ್ಬರು ತರುಣ ಪಾದ್ರಿಗಳು ಇಲ್ಲಿ ಇಳಿದಿದ್ದರು. 1840ರಲ್ಲೇ ಆ ಮಾತಿನ ವ್ಯಾಕರಣ ಮತ್ತು ಸುಮಾರು 2000 ಶಬ್ದಗಳ ಸಂಗ್ರಹವನ್ನು ಅಚ್ಚು ಹಾಕಿಸಿದರು. ಮುಂದೆ ಆ ಭಾಷೆ ಬಾಯಿಂದ ಬಾಯಿಗೆ ಹರಿಯುವುದು ನಿಂತುಹೋಯಿತು. ಕಳೆದ ಮೂರು ದಶಕಗಳಲ್ಲಿ ಗೌರ್ನಾ ಜನರು ಅದನ್ನು ಮತ್ತೆ ಎಬ್ಬಿಸಿದ್ದು ಹೆಚ್ಚಾಗಿ ಆ ಪುಸ್ತಕದ ಆಧಾರದಿಂದ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದೂ ಅದೇ ದಶಕದಲ್ಲಿ, 1834ರಲ್ಲಿ. ಅವರ ಪೈಕಿ ಕಿಟೆಲ್ ಕಟ್ಟಿದ ನಿಘಂಟನ್ನು ನಾನು ಕಾಲೇಜಿನಲ್ಲಿ ಎರಡು ಕೈಯಲ್ಲಿ ಎತ್ತಿಕೊಂಡು ಓದಿದವಳು. ನಮ್ಮ ಶಬ್ದಗಳು ಆಗಲೂ ಈಗಲೂ ನಮ್ಮ ಬಾಯಲ್ಲೇ ಇವೆ. ಒಂದು ಜನಾಂಗಕ್ಕೆ ತನ್ನ ತಾಯಿಯ ಮಾತು ಪುಸ್ತಕದೊಳಗಿನಿಂದ ಮರಳಿ ಸಿಗಬೇಕಾಯಿತು ಎಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ.

ಎರಡನೆಯ ದಿನ: ಹಾನ್‌ಡಾರ್ಫ್, ಲೋಬೆತಾಲ್

ಬೆಟ್ಟ ಹತ್ತುವ ಹೆದ್ದಾರಿಯಲ್ಲಿ ಹಾನ್‌ಡಾರ್ಫಿಗೆ ಕಾರಿನಲ್ಲಿ ಅರ್ಧ ಗಂಟೆ. 1838ರ ಡಿಸೆಂಬರ್ ಕೊನೆಗೆ ಜೀಬ್ರಾ ಎಂಬ ಹಡಗಿನಲ್ಲಿ ಬಂದ ಒಕ್ಕಲುಗಳು ಇದೇ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಏರಿದ್ದರು, ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು. ಅವರಿಗೆ ಭೂಮಿ ಹುಡುಕಿ ಕೊಟ್ಟವನು ಹಡಗಿನ ಕ್ಯಾಪ್ಟನ್ ಡಿರ್ಕ್ ಹಾನ್. ಇಳಿಸಿ ಹೋಗಿಬಿಡಬಹುದಾಗಿದ್ದ ಮನುಷ್ಯ ಭೂಮಾಲೀಕರ ಬಳಿ ಹೋಗಿ ಇವರ ಪರವಾಗಿ ಮಾತನಾಡಿದ. ಊರಿಗೆ ಅವನ ಹೆಸರನ್ನೇ ಇಟ್ಟರು: ಹಾನ್‌ನ ಊರು. ಈ ಬೆಟ್ಟಗಳ ಮೂಲ ನಿವಾಸಿಗಳಾದ ಪೆರಮಂಕ್ ಜನರು ಅದಕ್ಕೆ ಮೊದಲೇ ಆ ಜಾಗವನ್ನು ಬುಕರ್ತಿಲ್ಲ ಎಂದು ಕರೆಯುತ್ತಿದ್ದರು.

ಜೀಬ್ರಾ ಹಡಗಿನ ಪ್ರಯಾಣದಲ್ಲಿ ಹನ್ನೊಂದು ಜನ ತೀರಿಕೊಂಡಿದ್ದರು, ಅವರಲ್ಲಿ ಆರು ಮಕ್ಕಳು. ಅವರ ದೇಹಗಳನ್ನು ಸಮುದ್ರಕ್ಕೆ ಬಿಟ್ಟರು. ಈ ಊರುಗಳ ಮೊದಲ ಸಾವುಗಳಿಗೆ ಗೋರಿಯೇ ಇಲ್ಲ ಎಂದು ನಾನು ಹೇಳಿದಾಗ ಅವ್ವ ಕಾರಿನ ಕಿಟಕಿಯ ಗಾಜನ್ನು ಇಳಿಸಿ ಬಹಳ ಹೊತ್ತು ಹೊರಗೆ ನೋಡುತ್ತ ಕುಳಿತಳು.

ಹಾನ್‌ಡಾರ್ಫಿನ ಬೀದಿ ಈಗ ಪ್ರವಾಸಿಗರದು. ಸಾಸೇಜು, ಬಿಯರು, ಮರದ ಗೊಂಬೆಗಳು. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ. ಮೊದಲ ವರ್ಷಗಳಲ್ಲಿ ಈ ಊರಿನ ಹೆಂಗಸರು ಮತ್ತು ಹುಡುಗಿಯರು ತರಕಾರಿ, ಬೆಣ್ಣೆ, ಮೊಟ್ಟೆಗಳನ್ನು ಹೊತ್ತು ನಡುರಾತ್ರಿ ಮನೆ ಬಿಡುತ್ತಿದ್ದರು. ಬೆಟ್ಟ ಇಳಿದು, ಬೆಳಗಾಗುವ ಹೊತ್ತಿಗೆ ಅಡಿಲೇಡ್ ಮುಟ್ಟಿ, ಮಾರಿ, ಮತ್ತೆ ನಡೆದು ಮರಳುತ್ತಿದ್ದರು. ಬರುವಾಗ ಚರ್ಚು ಕಟ್ಟಲೆಂದು ಒಬ್ಬೊಬ್ಬರೂ ಎರಡೆರಡು ಇಟ್ಟಿಗೆ ಹೊತ್ತು ತಂದರು ಎಂದು ಊರವರು ಹೇಳುತ್ತಾರೆ. ಅವ್ವ ತಾನು ಮದುವೆಯಾದ ಹೊಸತರಲ್ಲಿ ಬದನೆಕಾಯಿ ಬುಟ್ಟಿ ಹೊತ್ತು ರಾಣೆಬೆನ್ನೂರಿನ ಸಂತೆಗೆ ನಡೆಯುತ್ತಿದ್ದವಳು. ಸೇಂಟ್ ಮೈಕೇಲ್ ಚರ್ಚಿನ ಗೋಡೆಗೆ ಅಂಗೈ ಒತ್ತಿ, "ಎರಡು ಇಟ್ಟಿಗೆ ಹಗುರವಲ್ಲ" ಎಂದಳು. ಈಗಿನ ಕಟ್ಟಡ 1850ರ ದಶಕದ ಕೊನೆಯದು, ಆ ಹೆಂಗಸರ ಇಟ್ಟಿಗೆಗಳು ಹಳೆಯ ಕಟ್ಟಡದವು. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಮಧ್ಯಾಹ್ನ ಲೋಬೆತಾಲ್. ಹೆಸರಿನ ಅರ್ಥ ಸ್ತುತಿಯ ಕಣಿವೆ. 1841ರಲ್ಲಿ ಸ್ಕ್ಯೋಲ್ಡ್ ಎಂಬ ಹಡಗಿನಲ್ಲಿ ಬಂದ ಪಾದ್ರಿ ಗೊಟ್‌ಹಾರ್ಡ್ ಫ್ರಿಟ್ಷೆ ಅವರ ಊರು ಇದು. ಆ ಹಡಗು ಇನ್ನೂ ಹೆಚ್ಚು ಮಕ್ಕಳನ್ನು ನುಂಗಿತ್ತು. ಬಂದ ಮರುವರ್ಷವೇ ಫ್ರಿಟ್ಷೆ ಒಂದು ಗುಡಿಸಲಿನಂಥ ಮನೆಯಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಶಾಲೆ ತೆರೆದರು. ಆ ಪುಟ್ಟ ಮನೆ ಈಗಲೂ ಇದೆ. 1845ರಲ್ಲಿ ಮುಗಿದ ಅವರ ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಈಗಲೂ ಬಳಕೆಯಲ್ಲಿರುವ ಲೂಥರನ್ ಚರ್ಚುಗಳಲ್ಲಿ ಅದೇ ಹಿರಿಯದು. 2019ರ ಡಿಸೆಂಬರಿನ ಕಾಳ್ಗಿಚ್ಚು ಈ ಊರಿನ ಸುತ್ತ ಬಹಳ ಹಾಳು ಮಾಡಿತ್ತು. ಗುಡ್ಡದ ನೀಲಗಿರಿ ಮರಗಳ ಕರಿ ಕಾಂಡಗಳಿಂದ ಹಸಿರು ಚಿಗುರು ಒತ್ತೊತ್ತಾಗಿ ಹೊರಟಿತ್ತು.

ರಾತ್ರಿ ಬರೋಸಾ ಕಣಿವೆಯ ತನುಂಡಾ ಎಂಬ ಊರಿನಲ್ಲಿ ಉಳಿದೆವು. ಅವ್ವ ಮನೆಯಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೇ ಊಟ.

ಮೂರನೆಯ ದಿನ: ಬೆಥನಿ

ನಾನು ಕಾಯುತ್ತಿದ್ದ ದಿನ ಇದು. ಬರೋಸಾ ಕಣಿವೆಯಲ್ಲಿ ಜರ್ಮನರು ಮೊದಲು ನೆಲೆನಿಂತ ಊರು ಬೆಥನಿ, 1842ರಲ್ಲಿ. ಊರು ಎಂದರೆ ಒಂದೇ ಬೀದಿ. ಬೀದಿಗೆ ಮುಖ ಮಾಡಿ ಮನೆ, ಮನೆಯ ಬೆನ್ನಿಗೆ ಹಳ್ಳದವರೆಗೆ ಉದ್ದಕ್ಕೆ ಚಾಚಿದ ಕಿರಿದಾದ ಹೊಲ. ಎಲ್ಲರಿಗೂ ಬೀದಿ, ಎಲ್ಲರಿಗೂ ನೀರು ಸಿಗುವಂತೆ ಭೂಮಿಯನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡಿದ್ದರು, ಪ್ರಷ್ಯದ ಸೈಲೀಷಿಯಾ ಪ್ರಾಂತದ ತಮ್ಮ ಹಳ್ಳಿಗಳಲ್ಲಿ ಇದ್ದಂತೆಯೇ. ಅವ್ವ ಬೀದಿಯಲ್ಲಿ ನಿಂತು ಎಡಕ್ಕೂ ಬಲಕ್ಕೂ ನೋಡಿ, ಬಾಗಿ ಹಿಡಿ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿ, "ಮಸಾರಿ" ಎಂದಳು. ದ್ರಾಕ್ಷಿ ಎಲೆಗಳು ಹಳದಿಗೆ ತಿರುಗಿದ್ದವು, ಕೆಲವು ಸಾಲುಗಳು ರಕ್ತಗೆಂಪು.

ಚರ್ಚಿನ ಹೆಸರು ಹೆರ್ಬೆರ್ಗೆ ಕ್ರಿಸ್ಟಿ, ಕ್ರಿಸ್ತನ ಬಿಡದಿ. ಈಗಿನ ಕಟ್ಟಡ 1883ರದು.

ಸ್ಮಶಾನಕ್ಕೆ ಜರ್ಮನ್ ಭಾಷೆಯಲ್ಲಿ ಗೊಟ್ಟೆಸ್‌ಆಕರ್ ಎಂಬ ಹಳೆಯ ಮಾತಿದೆ: ದೇವರ ಹೊಲ. ಬೈಬಲಿನ ಕೊರಿಂಥದವರಿಗೆ ಬರೆದ ಪತ್ರದಲ್ಲಿ ದೇಹವನ್ನು ಬೀಜದಂತೆ ಬಿತ್ತಲಾಗುತ್ತದೆ ಎಂಬ ಮಾತು ಬರುತ್ತದೆ. ಒಕ್ಕಲುತನದವರಿಗೆ ಅದು ಉಪಮೆಯಾಗಿ ಕೇಳಿಸಿರಲಾರದು. ಆರು ದಿನ ಬಿತ್ತಿದ ಕೈಗಳೇ ಏಳನೆಯ ದಿನ ಗುಂಡಿ ತೋಡುತ್ತಿದ್ದವು. ಕಾಲು ಪೂರ್ವಕ್ಕೆ ಬರುವಂತೆ ಮಲಗಿಸುವುದು ಅವರ ರೂಢಿ. ಎಬ್ಬಿಸುವ ದಿನ ಎದ್ದರೆ ಮುಖ ಉದಯದ ಕಡೆಗೇ ಇರಬೇಕು. ಕೂರಿಸಿ ಹೂಳುವ ನಮ್ಮ ಲಿಂಗಾಯತರ ಪದ್ಧತಿಯನ್ನು ಬಲ್ಲ ಅವ್ವನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಸತ್ತವರಿಗೂ ಒಂದು ದಿಕ್ಕು, ಒಂದು ಭಂಗಿ ಬೇಕು ಎಂಬುದು ಅವಳಿಗೆ ಗೊತ್ತು.

ಸಾಲುಗಳ ನಡುವೆ ನಡೆದೆವು. ಹಳೆಯ ಕಲ್ಲುಗಳಲ್ಲಿ ಹಲವು ಸ್ಲೇಟಿನವು. "ಪಾಟಿ ಕಲ್ಲು" ಎಂದು ಅವ್ವ ಸವರಿದಳು. ತಾನು ಎರಡನೆಯ ಇಯತ್ತೆಯವರೆಗೆ ಬರೆದ ಪಾಟಿ ನೆನಪಾಗಿರಬೇಕು. ಈ ರಾಜ್ಯದಲ್ಲಿ ವಿಲ್ಲುಂಗಾ ಎಂಬಲ್ಲಿ 1840ರಿಂದಲೇ ಸ್ಲೇಟು ತೆಗೆಯುತ್ತಿದ್ದರು. ಆಮೇಲಿನವು ಪಕ್ಕದ ಆಂಗಸ್ಟನ್ನಿನ ಅಮೃತಶಿಲೆ. ಅಕ್ಷರಗಳು ಮುಳ್ಳುಮುಳ್ಳಾದ ಹಳೆಯ ಜರ್ಮನ್ ಲಿಪಿಯವು. ಓದಲು ಕಷ್ಟ, ಆದರೆ ಮಾತುಗಳು ಮರಳಿ ಮರಳಿ ಬರುವುದರಿಂದ ಅರ್ಧ ಗಂಟೆಯಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಹೀಯರ್ ರೂಟ್ ಇನ್ ಗಾಟ್: ಇಲ್ಲಿ ದೇವರಲ್ಲಿ ವಿಶ್ರಮಿಸುತ್ತಿದ್ದಾರೆ. ಗೆಬೋರೆನ್, ಹುಟ್ಟಿದ್ದು. ಗೆಸ್ಟಾರ್ಬೆನ್, ತೀರಿಕೊಂಡದ್ದು. ಕೆಲವು ಕಲ್ಲುಗಳ ಕೆಳಗೆ ಲೈಶೆನ್‌ಟೆಕ್ಸ್ಟ್ ಎಂದು ಬರೆದು ಬೈಬಲಿನ ಅಧ್ಯಾಯ, ವಚನಗಳ ಅಂಕಿ ಕೊಟ್ಟಿರುತ್ತಾರೆ. ಮಣ್ಣು ಮಾಡುವ ದಿನ ಪಾದ್ರಿ ಯಾವ ವಚನದ ಮೇಲೆ ಪ್ರವಚನ ಮಾಡಿದರು ಎಂಬುದರ ಗುರುತು. ನೂರೈವತ್ತು ವರ್ಷ ಕಳೆದ ಮೇಲೆ ಬಂದವರೂ ಆ ಪುಟ ತೆಗೆದು, ಅಂದು ಆ ಮನೆಯವರು ಏನು ಕೇಳಿಸಿಕೊಂಡರೋ ಅದನ್ನೇ ಓದಬಹುದು. ಇಷ್ಟು ಮರ್ಯಾದೆಯ ಗೋರಿಕಲ್ಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ತೀರ ಮೊದಲಿನವರು ಈ ಕಲ್ಲುಗಳಲ್ಲಿ ಸಿಗುವುದು ಕಡಿಮೆ. ಊರು ಹೂಡಿದ ವರ್ಷಗಳಲ್ಲಿ ಕಲ್ಲು ಕೆತ್ತಿಸಲು ಯಾರ ಬಳಿ ಹಣವಿತ್ತು? ಹಡಗಿನ ಸಾಲ ತೀರಿರಲಿಲ್ಲ. ಮರದ ಶಿಲುಬೆ ನೆಟ್ಟರು. ಗೆದ್ದಲು, ಬಿಸಿಲು, ಬೆಂಕಿ ಅದನ್ನು ಮುಗಿಸಿದವು. ಹೀಗಾಗಿ ಎರಡು ಕಲ್ಲುಗಳ ನಡುವೆ ಖಾಲಿ ಕಾಣುವ ಹುಲ್ಲು ಖಾಲಿಯಲ್ಲ.

ಅಲ್ಲಿ ಎಲೆ ಗುಡಿಸುತ್ತಿದ್ದ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಪೊರಕೆ ಒರಗಿಸಿ ಬಂದು ಮಾತನಾಡಿಸಿದರು. ಅವರ ಅಜ್ಜಿ ಮನೆಯಲ್ಲಿ ಜರ್ಮನ್ ಭಾಷೆಯಲ್ಲೇ ಪ್ರಾರ್ಥಿಸುತ್ತಿದ್ದರಂತೆ. 1917ರಲ್ಲಿ ಈ ರಾಜ್ಯದ 49 ಲೂಥರನ್ ಶಾಲೆಗಳನ್ನು ಸರ್ಕಾರ ಮುಚ್ಚಿಸಿದಾಗ ಆ ಅಜ್ಜಿಯ ಓದು ನಡುವೆಯೇ ನಿಂತಿತ್ತು. "ಶಾಲೆ ಮುಚ್ಚಬಹುದು, ಊರಿನ ಹೆಸರು ಬದಲಿಸಬಹುದು. ಈ ಕಲ್ಲುಗಳನ್ನು ಮಾತ್ರ ಯಾರೂ ಇಂಗ್ಲಿಷಿಗೆ ತಿರುಗಿಸಲಿಲ್ಲ" ಎಂದರು. ಆಮೇಲೆ ನಮ್ಮನ್ನು ಪುಟ್ಟ ಕಲ್ಲುಗಳಿರುವ ಕಡೆಗೆ ಕರೆದೊಯ್ದರು.

ಇಂಥ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ಸತ್ತ ದಿನದ ಕ್ರಮದಲ್ಲೇ ಸಾಲಾಗಿ ಹೂಳುತ್ತಿದ್ದರು, ಮನೆತನದ ಗುಂಪಿನಲ್ಲಿ ಅಲ್ಲ. ಮಕ್ಕಳಿಗೆ ಬೇರೆ ಸಾಲು. ಹಾಗಾಗಿ ಒಂದು ಮಗು ತನ್ನ ತಾಯಿಯ ಪಕ್ಕದಲ್ಲಿರುವುದಿಲ್ಲ. ಅದೇ ತಿಂಗಳು ತೀರಿಕೊಂಡ ನೆರೆಮನೆಯ ಮಗುವಿನ ಪಕ್ಕದಲ್ಲಿರುತ್ತದೆ. ಒಂದೊಂದರ ಮೇಲೂ ಬದುಕಿದ ಲೆಕ್ಕ: ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ. ಜರ್ಮನರು ಗೋರಿಗಳ ಮೇಲೂ ಚರ್ಚಿನ ದಾಖಲೆಯಲ್ಲೂ ವಯಸ್ಸನ್ನು ದಿನದವರೆಗೆ ಎಣಿಸಿ ಬರೆಯುತ್ತಿದ್ದರು. ಕಾಯಿಲೆ ಒಂದು ಮನೆಗೆ ಹೊಕ್ಕರೆ ಸಾಲು ಬೇಗ ಬೆಳೆಯುತ್ತಿತ್ತು.

ನಾನು ಒಂದೊಂದನ್ನೇ ಅವ್ವನಿಗೆ ಓದಿ ಹೇಳುತ್ತ ಹೋದೆ. ಮೂರು ತಿಂಗಳು, ಎಂಟು ದಿನ. ಒಂದು ವರ್ಷ, ಎರಡು ತಿಂಗಳು. ನಾಲ್ಕನೆಯದನ್ನೋ ಐದನೆಯದನ್ನೋ ಓದುವಾಗ ಅವ್ವ, "ಏಳು ತಿಂಗಳು, ಹನ್ನೆರಡು ದಿನ" ಎಂದಳು.

ಕಲ್ಲಿನ ಮೇಲೆ ಹಾಗೆ ಇರಲಿಲ್ಲ. ನಾನು ತಿರುಗಿ ನೋಡಿದೆ.

ಅಣ್ಣ ಹುಟ್ಟುವುದಕ್ಕೆ ಮೊದಲು ಒಂದು ಹೆಣ್ಣು ಕೂಸು ಇತ್ತು, ವಾಂತಿಭೇದಿಯಿಂದ ಹೋಯಿತು ಎಂದು ನಮಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾವು ಎಂದೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ದೊಡ್ಡವರನ್ನಾದರೆ ಹೊಲದಲ್ಲಿ ಹೂಳಿ ಗದ್ದುಗೆ ಕಟ್ಟಿಸುತ್ತೇವೆ, ವರ್ಷಕ್ಕೊಮ್ಮೆ ಎಡೆ ಹಿಡಿಯುತ್ತೇವೆ. ಕೂಸುಗಳಿಗೆ ಗದ್ದುಗೆ ಇಲ್ಲ, ಗುರುತೂ ಇಲ್ಲ. ಬದುವಿನ ಬುಡದಲ್ಲಿ ಇಟ್ಟು ಬರುತ್ತಾರೆ, ತಾಯಿಯನ್ನು ಕರೆದೊಯ್ಯುವುದಿಲ್ಲ. ಅವ್ವ ಅದನ್ನೆಲ್ಲ ಅಳದೆ ಹೇಳಿದಳು. ಮೂಡಲ ಬದುವಿನ ಬೇವಿನ ಗಿಡದ ಹತ್ತಿರ ಎಂದು ಅಜ್ಜ ತಿಂಗಳುಗಟ್ಟಲೆ ಆದ ಮೇಲೆ ಒಮ್ಮೆ ಬಾಯಿಬಿಟ್ಟಿದ್ದನಂತೆ. ಅಂದಿನಿಂದ ಬುತ್ತಿ ಒಯ್ದ ದಿನವೆಲ್ಲ ಅವಳು ಆ ಗಿಡದ ನೆರಳಲ್ಲೇ ಕುಳಿತು ಉಂಡಿದ್ದಾಳೆ. ಅವಳು ಯಾಕೆ ಹೊಲದ ನಡುವಿನ ಮಾವಿನ ಮರ ಬಿಟ್ಟು ಅಲ್ಲಿಗೇ ಹೋಗುತ್ತಿದ್ದಳು ಎಂಬುದು ನನ್ನ ಬಾಲ್ಯದ ಬಗೆಹರಿಯದ ಪ್ರಶ್ನೆಗಳಲ್ಲಿ ಒಂದಾಗಿತ್ತು.

ಆ ಹಿರಿಯರಿಗೆ ನಮ್ಮ ಮಾತು ತಿಳಿಯುವ ಹಾಗಿರಲಿಲ್ಲ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅವ್ವ ಮಾತು ಮುಗಿಸುವವರೆಗೆ ನಿಂತೇ ಇದ್ದರು.

ನಾಲ್ಕನೆಯ ದಿನ: ಲಾಂಗ್‌ಮೈಲ್

ತನುಂಡಾದ ಅಂಚಿನ ಲಾಂಗ್‌ಮೈಲ್ ಚರ್ಚಿಗೆ ಸೈಪ್ರೆಸ್ ಮರಗಳ ಉದ್ದನೆಯ ಸಾಲಿನ ನಡುವೆ ಹಾದು ಹೋಗಬೇಕು. 1843ರಲ್ಲಿ ನೆಲೆಯಾದ ಈ ಊರಿನಲ್ಲಿ ಅದೇ ವರ್ಷ ನೆಟ್ಟವೆಂದು ಹೇಳುವ ದ್ರಾಕ್ಷಿ ಬಳ್ಳಿಗಳು ಇನ್ನೂ ಫಲ ಕೊಡುತ್ತಿವೆ. ಪಾದ್ರಿ ಕಾವೆಲ್ ತೀರಿಕೊಂಡದ್ದು 1860ರ ಫೆಬ್ರವರಿಯಲ್ಲಿ. ಅವರ ಗೋರಿ ಇಲ್ಲಿದೆ. ಬೆನ್ನ ಹಿಂದೆ ನೂರಾರು ಜನರನ್ನು ಕಟ್ಟಿಕೊಂಡು ಬಂದ ಮನುಷ್ಯನ ಗೋರಿಯ ಮುಂದೆ ನಿಂತಾಗ ನನಗೆ ಕಾಡಿದ್ದು 1846ರ ಸಂಗತಿ. ಅಷ್ಟು ದೂರ, ಅಷ್ಟು ಕಷ್ಟಪಟ್ಟು ಒಟ್ಟಿಗೆ ಬಂದವರು ಆ ಆಗಸ್ಟಿನಲ್ಲಿ ಬೆಥನಿಯಲ್ಲಿ ಸಭೆ ಸೇರಿ ಎರಡಾಗಿ ಒಡೆದರು. ಕ್ರಿಸ್ತ ಭೂಮಿಯ ಮೇಲೆ ಸಾವಿರ ವರ್ಷ ಆಳುವನೇ, ಸಭೆಯ ಆಡಳಿತ ಹೇಗಿರಬೇಕು ಎಂಬ ವಾದಗಳಲ್ಲಿ ಕಾವೆಲ್ ಒಂದು ಕಡೆ, ಫ್ರಿಟ್ಷೆ ಇನ್ನೊಂದು ಕಡೆ. ಅಂದಿನಿಂದ ಸಣ್ಣ ಸಣ್ಣ ಊರುಗಳಲ್ಲೂ ಎರಡೆರಡು ಚರ್ಚು. ಫ್ರಿಟ್ಷೆ 1863ರಲ್ಲಿ ಲೋಬೆತಾಲ್‌ನಲ್ಲಿ ತೀರಿಕೊಂಡರು. ಎರಡು ಕವಲುಗಳು ಮತ್ತೆ ಒಂದಾದದ್ದು 1966ರಲ್ಲಿ, 120 ವರ್ಷಗಳ ಮೇಲೆ. ಅಷ್ಟರಲ್ಲಿ ಎಷ್ಟು ಅಣ್ಣತಮ್ಮಂದಿರು ಬೇರೆ ಬೇರೆ ಬೇಲಿಯೊಳಗೆ ಮಣ್ಣಾದರೋ. ಇವರ ಶ್ರದ್ಧೆಯನ್ನು ನಾನು ಮನಸಾರೆ ಗೌರವಿಸುತ್ತೇನೆ, ಆದರೆ ಈ ಒಡಕನ್ನು ಕುರಿತು ನನ್ನ ದುಃಖ ಅದಕ್ಕಿಂತ ಕಡಿಮೆಯದಲ್ಲ.

ಈ ಊರಿಗೂ 1917ರ ಕಾಯ್ದೆ ಬಿಲ್ಯಾರಾ ಎಂಬ ಹೆಸರು ಕೊಟ್ಟಿತ್ತು. ಆಗಲೂ ಊರಿನವರು ಚರ್ಚಿಗೆ ಬಂದರೆ ನಡೆಯುತ್ತಿದ್ದುದು ಜರ್ಮನ್ ಅಕ್ಷರಗಳ ಇದೇ ಕಲ್ಲುಗಳ ನಡುವೆ.

ಅವ್ವ ಈ ದಿನ ಹೆಚ್ಚು ನಡೆಯಲಿಲ್ಲ. ಸೈಪ್ರೆಸ್ ನೆರಳಿನಲ್ಲಿ ಕುಳಿತು, ಅಣ್ಣನಿಗೆ ಫೋನು ಹಚ್ಚಿ ಕೊಡು ಎಂದಳು. ಊರಿನಲ್ಲಿ ಆಗ ನಸುಕಿನ ಹೊತ್ತು. ಅಣ್ಣ ಗಾಬರಿಯಿಂದಲೇ ಎತ್ತಿಕೊಂಡ. ಅವ್ವ ಮೊದಲು ಮಳೆ ಕೇಳಿದಳು, ಎಮ್ಮೆ ಕೇಳಿದಳು. ಆಮೇಲೆ, ಬದು ಹರಗಿ ಟ್ರ್ಯಾಕ್ಟರ್ ದಾರಿ ಮಾಡಿಸುವ ಮಾತು ಎಲ್ಲಿಗೆ ಬಂತು ಎಂದು ವಿಚಾರಿಸಿದಳು. ಮುಂದಿನ ವಾರ ಜೆಸಿಬಿ ಬರುತ್ತದೆ ಎಂದ ಅಣ್ಣ.

"ದಾರಿಯನ್ನು ಪಡುವಲ ಕಡೆಯಿಂದ ಮಾಡಿಸು. ಮೂಡಲ ಬದುವಿನ ಬೇವಿನ ಗಿಡ ಮುಟ್ಟಬೇಡ" ಎಂದಳು ಅವ್ವ.

ಯಾಕೆ ಎಂದು ಅವನು ಕೇಳಿದ. ಅವ್ವ ಫೋನನ್ನು ನನ್ನ ಕೈಗೆ ಕೊಟ್ಟು, "ನೀನು ಹೇಳು. ದಿನದ ಲೆಕ್ಕವನ್ನೂ ಹೇಳು" ಎಂದಳು.